ಅಮ್ಮ, ಹಸು ಮತ್ತು ಡಿಸ್ನಿಲ್ಯಾಂಡಿನ ಪಾಸು

ಅಮ್ಮ ಮೊದಲ ಸಲ ಮಂಡ್ಯದಿಂದ ಕ್ಯಾಲಿಫೋರ್ನಿಯಾದ ನಮ್ಮ ಅರ್ವೈನ್ ಮನೆಗೆ ಬಂದದ್ದು ಕೋವಿಡ್‌ಗೆ ಮುಂಚೆ. ಇಲ್ಲಿಂದ ಅನಾಹೈಮ್‌ನ ಡಿಸ್ನಿಲ್ಯಾಂಡ್ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ನಾಲ್ಕು ಜನಕ್ಕೆ ಟಿಕೆಟ್ ತೆಗೆದೆ, ಐನೂರು ಡಾಲರ್ ಹತ್ತಿರ ಆಯಿತು. ಅಮ್ಮ ಕೇಳಿದಳು, ನಾನು ಪೆದ್ದನ ಹಾಗೆ ರೂಪಾಯಿಗೆ ತಿರುಗಿಸಿ ಹೇಳಿಬಿಟ್ಟೆ.

'ಅಷ್ಟ್ ದುಡ್ಡಿಗೆ ಒಂದ್ ಹಸ ಕಟ್ಬೋದಿತ್ತಲ್ಲೋ ಮಗ!'

ಆಮೇಲೆ ಆ ದಿನ ಪೂರ್ತಿ ನಾವು ಹಸುವಿನ ಹಾಲು ಕರೆಯುವುದೇ ಆಯಿತು. ಮಂಡಿನೋವಿನ ಅಮ್ಮ ಒಂದು ಕಡೆ ಕೂರಲಿಲ್ಲ. 'ದುಡ್ಡು ಕೊಟ್ಟಿದ್ದೀವಿ, ಅದನ್ನೂ ನೋಡ್ಕೊಂಡು ಬರಾವ' ಎನ್ನುತ್ತ ರಾತ್ರಿಯ ಪಟಾಕಿವರೆಗೆ ನಡೆದಳು. ಮಾರನೆಯ ದಿನ ಅವಳ ಕಾಲಿಗೆ ನಾನು ಎಣ್ಣೆ ತಿಕ್ಕಿದೆ.

ದಿನದ ಟಿಕೆಟ್ಟಿನ ಗುಣವೇ ಅದು. ಬೆಂಗಳೂರಿನ ವಂಡರ್‌ಲಾಕ್ಕೆ ಹೋಗುವವರನ್ನೇ ನೋಡಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ಗಬಗಬ ತಿಂದು, ಬಾಗಿಲು ತೆರೆಯುವ ಮೊದಲೇ ಗೇಟಿನ ಮುಂದೆ ನಿಂತು, ಒಳಗೆ ಹೋದವರೇ ಒಂದು ರೈಡಿನಿಂದ ಇನ್ನೊಂದಕ್ಕೆ ಓಡುತ್ತಾರೆ. 2005ರಲ್ಲಿ ಅದು ಶುರುವಾದಾಗ ನಾನೂ ಗೆಳೆಯರ ಜೊತೆ ಹಾಗೇ ಓಡಿದ್ದೇನೆ. ಅಲ್ಲಿನ ಲೆಕ್ಕ ಸಲೀಸು: ವಾರದ ದಿನಕ್ಕೊಂದು ದರ, ರಜಾದಿನಕ್ಕೊಂದು, ನೆಲದ್ದೂ ನೀರಿನದ್ದೂ ಸೇರಿ ಒಂದೇ ಟಿಕೆಟ್, ಕಾಲೇಜಿನ ಐಡಿ ತೋರಿಸಿದರೆ ರಿಯಾಯಿತಿ. ಮಕ್ಕಳ ಟಿಕೆಟ್ಟಿಗೆ ಎತ್ತರ ಅಳೆಯುತ್ತಾರೆ, ವಯಸ್ಸು ಕೇಳುವುದಿಲ್ಲ. ಕಂಡಕ್ಟರ್ ಮುಂದೆ ನನ್ನ ವಯಸ್ಸನ್ನು ವರ್ಷಗಟ್ಟಲೆ ನಿಲ್ಲಿಸಿಟ್ಟಿದ್ದ ಅಮ್ಮನ ಜಾಣತನ ಆ ಅಳತೆಗೋಲಿನ ಮುಂದೆ ನಡೆಯುತ್ತಿರಲಿಲ್ಲ.

ಡಿಸ್ನಿಲ್ಯಾಂಡ್ 1955ರಲ್ಲಿ ಬಾಗಿಲು ತೆರೆದಾಗ ಅದರ ರೀತಿ ನಮ್ಮ ದಸರಾ ವಸ್ತುಪ್ರದರ್ಶನದ ಹಾಗೇ ಇತ್ತು. ಒಳಗೆ ಬರುವುದಕ್ಕೆ ಒಂದು ಡಾಲರ್, ಪ್ರತಿ ಆಟಕ್ಕೆ ಬೇರೆ ದುಡ್ಡು. ಅದೇ ವರ್ಷ ಎ, ಬಿ, ಸಿ ಎಂದು ಕೂಪನ್ ಪುಸ್ತಕ ಬಂತು. 1959ರಲ್ಲಿ ಇ ಟಿಕೆಟ್ ಸೇರಿತು, ಎಲ್ಲಕ್ಕಿಂತ ಜೋರಾದ ರೈಡುಗಳಿಗೆ. ಆ ಪುಸ್ತಕಗಳು ನಿಂತು ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ ಆದದ್ದು 1982ರಲ್ಲಿ. ಮರುವರ್ಷ ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ತನ್ನ ರಾಕೆಟ್ ಪ್ರಯಾಣವನ್ನು ಇ ಟಿಕೆಟ್ಟಿಗೆ ಹೋಲಿಸಿದಳು. ಕೌಂಟರಿನಲ್ಲಿ ಸತ್ತ ಟಿಕೆಟ್ಟು ಮಾತಿನಲ್ಲಿ ಉಳಿದುಕೊಂಡಿತ್ತು.

ವಾರ್ಷಿಕ ಪಾಸು ಬೇರೆಯೇ ಪ್ರಾಣಿ. ನಮಗೆ ಪಾಸ್ ಎಂದರೆ ಬಸ್ ಪಾಸು. 2025ರಲ್ಲಿ ಮೂರು ಸಾವಿರ ರೂಪಾಯಿಗೆ 200 ಟ್ರಿಪ್ಪಿನ ಫಾಸ್ಟ್ಯಾಗ್ ಪಾಸೂ ಬಂತು. ಎರಡೂ ಬೇಗ ದಾಟಿಹೋಗುವುದಕ್ಕೆ. ಇಲ್ಲಿನ ಪಾರ್ಕ್ ಪಾಸು ಸುಮ್ಮನೆ ಕೂರುವುದಕ್ಕೆ. ಮಗಳು ಚಿಕ್ಕವಳಿದ್ದಾಗ ಆಫೀಸು ಮುಗಿಸಿ ಸಂಜೆ ಆರಕ್ಕೆ ಹೋಗಿ, ಒಂದು ರೈಡು ಆಡಿಸಿ, ಡಬ್ಬಿಯಲ್ಲಿ ಒಯ್ದ ಚಿತ್ರಾನ್ನ ಬೆಂಚಿನ ಮೇಲೆ ತಿಂದು ಎಂಟಕ್ಕೆ ಮನೆ ಸೇರುತ್ತಿದ್ದೆವು. (ಹೊರಗಿನ ಊಟವನ್ನು ಡಿಸ್ನಿಲ್ಯಾಂಡ್ ಒಳಗೆ ಬಿಡುತ್ತದೆ, ವಂಡರ್‌ಲಾ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ಅಮೆರಿಕನ್ನರಿಗೆ ನನ್ನ ನಮಸ್ಕಾರ.) ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ನಡೆಯುವವರು ಗಾಜಿನಮನೆಯನ್ನು ನೋಡಲೇಬೇಕೆಂದು ನೋಡುತ್ತಾರೆಯೇ? ಹಾಗೆ. ನಾಲ್ಕು ಸಲ ಹೋದರೆ ದುಡ್ಡು ಹುಟ್ಟುತ್ತದೆ, ಐದನೆಯ ಸಲದಿಂದ ಪುಕ್ಕಟೆ ಎಂದು ಪಾಸಿನವರೆಲ್ಲ ಲೆಕ್ಕ ಒಪ್ಪಿಸುತ್ತಾರೆ. ನನ್ನ ಮಟ್ಟಿಗೆ ಪಾಸಿನ ಲಾಭ ಆ ಲೆಕ್ಕವನ್ನೇ ಮರೆಯುವುದರಲ್ಲಿತ್ತು.

ಹಾಗೆ ಮರೆತು ಕೂತವರಿಂದ ಕಂಪನಿಗೆ ಏನು ಹುಟ್ಟೀತು? 2021ರ ಜನವರಿಯಲ್ಲಿ, ಕೋವಿಡ್‌ನಿಂದ ಪಾರ್ಕು ಮುಚ್ಚಿದ್ದಾಗ, ಹಳೆಯ ವಾರ್ಷಿಕ ಪಾಸುಗಳನ್ನು ಡಿಸ್ನಿಲ್ಯಾಂಡ್ ರದ್ದು ಮಾಡಿತು. ಆಗಸ್ಟಿನಲ್ಲಿ ಮ್ಯಾಜಿಕ್ ಕೀ ಎಂಬ ಹೊಸ ಹೆಸರಿನಲ್ಲಿ ಪಾಸು ವಾಪಸ್ ಬಂತು: ತೆಂಕಣ ಕ್ಯಾಲಿಫೋರ್ನಿಯಾದವರಿಗಷ್ಟೇ ಸಿಗುವ 399 ಡಾಲರಿನದು ಕೆಳಗೆ, 1,399ರದು ಮೇಲೆ. ಕ್ಯಾಲಿಫೋರ್ನಿಯಾದವರು ಮುಂಗಡ ಕೊಟ್ಟು ಉಳಿದದ್ದನ್ನು ಚೀಟಿ ಕಟ್ಟಿದ ಹಾಗೆ ತಿಂಗಳ ಕಂತಿನಲ್ಲಿ ತೀರಿಸಬಹುದು. ಜೊತೆಗೆ, ಹೋಗುವ ದಿನವನ್ನು ಮೊದಲೇ ಕಾಯ್ದಿರಿಸಬೇಕು. ಕಡಿಮೆ ದರದ ಪಾಸಿಗೆ ಬೇಸಿಗೆ ರಜೆ, ಹಬ್ಬದ ದಿನಗಳ ಮೇಲೆ ಅಡ್ಡಗೆರೆ. ಯಾವ ದಿನಕ್ಕೂ ಅಡ್ಡಿಯಿಲ್ಲ ಎಂದು ಮಾರಿದ 1,399ರ ಡ್ರೀಮ್ ಕೀ ಕೊಂಡವರಿಗೂ ಕೆಲವು ದಿನ ಜಾಗ ಸಿಗಲಿಲ್ಲ, ಅವರು ಮೊಕದ್ದಮೆ ಹೂಡಿದರು. 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಡ್ರೀಮ್ ಹೋಗಿ 1,599ರ ಇನ್ಸ್‌ಪೈರ್ ಬಂದಿತ್ತು, ಅದಕ್ಕೆ ಕ್ರಿಸ್ಮಸ್ ವಾರ ಇರಲಿಲ್ಲ.

2022ರಲ್ಲಿ ಕಂಪನಿ ತನ್ನ ಹಣಕಾಸಿನ ವರದಿಯಲ್ಲಿ ಡಿಸ್ನಿಲ್ಯಾಂಡಿಗೆ ಬರುವವರ ಮಿಶ್ರಣ 'ಅನುಕೂಲಕರವಾಗಿಲ್ಲ' ಎಂದು ಬರೆಯಿತು. ಅದು ತಮ್ಮನ್ನೇ ಕುರಿತದ್ದು ಎಂದು ಪಾಸಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೆಲವರು 'ಅನ್‌ಫೇವರಬಲ್' ಎಂದು ಟೀ ಶರ್ಟ್ ಅಚ್ಚು ಹಾಕಿಸಿ ತೊಟ್ಟರು. ನಿತ್ಯ ಬರುವ ಭಕ್ತನಿಗಿಂತ ವರ್ಷಕ್ಕೊಮ್ಮೆ ಬಂದು ಹುಂಡಿ ತುಂಬಿಸುವವನೇ ವಾಸಿ ಎಂದು ಅರ್ಚಕರು ಮೈಕಿನಲ್ಲಿ ಹೇಳಿದ ಹಾಗೆ.

ದೇವಸ್ಥಾನದ ಮಾತು ಬಂದಾಗ ಸಾಲಿನ ಮಾತೂ ಆಗಿಬಿಡಲಿ. ಡಿಸ್ನಿಲ್ಯಾಂಡಿನಲ್ಲಿ 1999ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉದ್ದದ ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಎಂಬ ಚೀಟಿ ಎಲ್ಲರಿಗೂ ಪುಕ್ಕಟೆ ಸಿಗುತ್ತಿತ್ತು. ಈಗ ಲೈಟ್ನಿಂಗ್ ಲೇನ್, ದುಡ್ಡು ಕೊಟ್ಟವರ ಸಾಲು. ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಧರ್ಮದರ್ಶನ, ವಿಶೇಷ ದರ್ಶನ ಎರಡೂ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನನಗೆ ಬೇಸರ ಅದರದಲ್ಲ. ನಮ್ಮ ಕಡೆಯವರು ಇಲ್ಲಿಂದ ಕಲಿಯಲು ಹೊರಟರೆ ದಿನಕ್ಕೊಂದು ದರವನ್ನೂ ದುಡ್ಡಿನ ಸಾಲನ್ನೂ ಮೊದಲು ಕಲಿಯುತ್ತಾರೆ. ಬೆಂಚಿನ ಮೇಲಿನ ಎರಡು ಗಂಟೆಯನ್ನು ಯಾರು ಕಲಿಯುತ್ತಾರೆ? ಪಾರ್ಕು ಊರಿನ ಪಕ್ಕದಲ್ಲಿರಬೇಕು, ದಾರಿಯಲ್ಲಿ ಮೈಸೂರು ರಸ್ತೆಯ ಟ್ರಾಫಿಕ್ ಇರಬಾರದು. ಅದಿಲ್ಲದೆ ಪಾಸು ಕೊಟ್ಟು ಏನು ಪ್ರಯೋಜನ!

ಇಲ್ಲೂ ಎಲ್ಲ ನೆಟ್ಟಗಿಲ್ಲ ಅನ್ನಿ. ಈ ಕಡೆಯ ಇನ್ನೊಂದು ಪಾರ್ಕಿನ ಸೀಸನ್ ಪಾಸು ನನ್ನನ್ನು ಕೇಳದೆಯೇ ತಾನಾಗಿ ನವೀಕರಣಗೊಂಡು ಮೂರು ತಿಂಗಳು ಕಾರ್ಡಿನಿಂದ ಕಂತು ಎಳೆದಿತ್ತು. ಕೇಳಿದ್ದಕ್ಕೆ ಸಣ್ಣಕ್ಷರದ ಕಡೆ ಬೆರಳು ತೋರಿಸಿದರು.

ಅಮ್ಮ ಎರಡನೆಯ ಸಲ ಬಂದದ್ದು ಇದೆಲ್ಲ ಆದಮೇಲೆ. ಡಿಸ್ನಿಲ್ಯಾಂಡಿಗೆ ಹೋಗೋಣವೆಂದರೆ 'ಬ್ಯಾಡ ಕಣಪ್ಪ, ಆ ಹಸಿನ ದುಡ್ಡು' ಎಂದಳು. 'ನಮ್ಮ ಪಾಸ್ ಮೇಲೆ ನಿಂಗೆ ಫ್ರೀ ಕಣಮ್ಮ' ಅಂದೆ. ಮಂಗಳವಾರ ಹೋದೆವು. ಮಗಳು ತನ್ನ ಪಾಡಿಗೆ ಸ್ಪೇಸ್ ಮೌಂಟನ್ ಸಾಲಿನಲ್ಲಿ ನಿಂತಳು. ಅಮ್ಮ ಒಂದೇ ಒಂದು ರೈಡು ಹತ್ತಲಿಲ್ಲ. ಕೋಟೆಯ ಮುಂದಿನ ಬೆಂಚಿನಲ್ಲಿ ಕೂತು ಬರುವ ಹೋಗುವ ಮಕ್ಕಳನ್ನು ನೋಡುತ್ತ, ಚಿತ್ರಾನ್ನದ ಕಡಲೆಬೀಜ ಆರಿಸಿ ತಿನ್ನುತ್ತ, ಸಂಜೆ ಮಾಡಿದಳು. 'ದಿನಾ ಬರ್ಬೋದು ಕಣೋ ಇಲ್ಗೆ' ಅಂದಳು.

ಅವಳ ಆ ದಿನದ ಟಿಕೆಟ್ಟಿಗೆ ನೂರನಾಲ್ಕು ಡಾಲರ್.