ಎರವಲು ಪದವನ್ನು ನಮ್ಮ ನಾಲಿಗೆಗೆ ಒಗ್ಗಿಸಬೇಕೇ?

ಪರ

ಬಸ್, ಪೆನ್ ಕನ್ನಡಕ್ಕೆ ಬಂದು ಬಸ್ಸು, ಪೆನ್ನು ಆದವು. ಕಾರ್, ರೋಡ್ ಮಾತ್ರ ಕಾರು, ರೋಡು. ಅಲ್ಲಿ ಒತ್ತಕ್ಷರ ಬಂತು, ಇಲ್ಲಿ ಯಾಕಿಲ್ಲ? ಹಳಗನ್ನಡದ ಕಲ್, ಕಣ್ ಹೊಸಗನ್ನಡದಲ್ಲಿ ಕಲ್ಲು, ಕಣ್ಣು ಆದವು; ಕಾಲ್ ಬರೀ ಕಾಲು ಆಯಿತು. ಇಂಥ ಪುಟ್ಟ ಪದಗಳಲ್ಲಿ ಹ್ರಸ್ವ ಸ್ವರವಿದ್ದರೆ ಮುಂದಿನ ವ್ಯಂಜನಕ್ಕೆ ದ್ವಿತ್ವ, ದೀರ್ಘವಿದ್ದರೆ ಇಲ್ಲ. ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ, ಆದರೂ ಇಂಗ್ಲಿಷ್ ಪದಗಳು ಅದೇ ಲೆಕ್ಕಕ್ಕೆ ಬಂದು ಕೂತವು. ಇದನ್ನು 'ಹಳ್ಳಿ ಉಚ್ಚಾರ' ಎಂದು ನಗುವವರು ಕನ್ನಡದ ವ್ಯಾಕರಣವನ್ನೇ ನೋಡಿ ನಗುತ್ತಿದ್ದಾರೆ. ಕೊನೆಯ ಉಕಾರವೂ ಅಲಂಕಾರಕ್ಕಲ್ಲ; ಅದರಿಂದಲೇ ಬಸ್ಸಿನಲ್ಲಿ, ಕಾರಿಗೆ ಎಂದು ವಿಭಕ್ತಿ ಸಲೀಸಾಗಿ ಸೇರುತ್ತದೆ.

ಇದು ಹೊಸ ಚಾಳಿಯೂ ಅಲ್ಲ. ಸಂಸ್ಕೃತದ ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ. ಇಂಥ ತದ್ಭವಗಳಿಗೆಂದೇ ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣದ ಒಂದು ಪ್ರಕರಣವನ್ನು ಮೀಸಲಿಟ್ಟ. ಹವಾಯಿ ಭಾಷೆಯಲ್ಲಿ ರಕಾರವೂ ಇಲ್ಲ, ಸಕಾರವೂ ಇಲ್ಲ. 'ಮೆರಿ ಕ್ರಿಸ್ಮಸ್' ಅಲ್ಲಿ 'ಮೆಲೆ ಕಲಿಕಿಮಕ'. ಆ ಜನಕ್ಕೆ ಹಬ್ಬವೇನೂ ಕಡಿಮೆಯಾಗಲಿಲ್ಲ.

ವಿರೋಧ

ನಾಲಿಗೆ ಬದಲಾಗದು ಎಂಬ ನಂಬಿಕೆಯ ಮೇಲೆ ಆ ವಾದವೆಲ್ಲ ನಿಂತಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಜಪಾನಿಯರು 'ಟೀಮ್' ಅನ್ನು 'ಚೀಮು' ಮಾಡಿಕೊಂಡರು, ಅವರ ಭಾಷೆಯಲ್ಲಿ 'ಟಿ' ಇರಲಿಲ್ಲವಾದ್ದರಿಂದ. ಮುಂದೆ 'ಪಾರ್ಟಿ' ಬಂದಾಗ 'ಪಾತೀ' ಎಂದು ಆ ಧ್ವನಿಯನ್ನೇ ಉಳಿಸಿಕೊಂಡರು. ಹಳೆಯ ಇಂಗ್ಲಿಷಿನಲ್ಲಿ ಎಫ್, ವಿ ಒಂದೇ ಧ್ವನಿಯ ಎರಡು ರೂಪ. ಅವು ಬೇರೆಯಾಗಿ ನಿಂತದ್ದರಲ್ಲಿ ಫ್ರೆಂಚ್ ಪದಗಳ ಪಾಲು ದೊಡ್ಡದು. ನಮ್ಮ ಮಹಾಪ್ರಾಣಗಳೇ ನೋಡಿ, ಅಚ್ಚಗನ್ನಡ ಪದಗಳಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ; ಹೆಚ್ಚಾಗಿ ಸಂಸ್ಕೃತ ಪದಗಳ ಜೊತೆಗೇ ಬಂದವು. ಜೋಗಿ ಬಂದನೆಂದು ಯೋಗಿಯೇನೂ ಹೊರಟುಹೋಗಲಿಲ್ಲ. ಕನ್ನಡದಲ್ಲಿ ಇಬ್ಬರೂ ಇದ್ದಾರೆ, ಬೇರೆ ಬೇರೆ ಜನರಾಗಿ.

ಒಗ್ಗಿಸುವುದರಲ್ಲಿ ನಷ್ಟವೂ ಉಂಟು. ಜಪಾನಿ ಭಾಷೆಯಲ್ಲಿ ಲಕಾರ-ರಕಾರಗಳ ಭೇದವಿಲ್ಲದ್ದರಿಂದ 'ಲೈಟ್', 'ರೈಟ್' ಎರಡೂ ಒಂದೇ ಆಗುತ್ತವೆ. ಯಾವುದೆಂದು ಸಂದರ್ಭ ನೋಡಿ ತಿಳಿಯಬೇಕು. ಹೊಸ ಧ್ವನಿ ಕಲಿತ ಹುರುಪಿನಲ್ಲಿ 'ಫಲ'ವನ್ನೂ 'ಕಾಫಿ'ಯ ಫಕಾರದಲ್ಲಿ ಉಚ್ಚರಿಸುವವರಿದ್ದಾರೆ. ಅದು ಅತಿ, ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ಆ ಧ್ವನಿಯನ್ನೇ ಹೊರಗಿಡಬೇಕೇ? ಅದರಲ್ಲೂ ವ್ಯಕ್ತಿಗಳ ಹೆಸರು ಬಂದಾಗ ಒಗ್ಗಿಸುವ ಹಕ್ಕು ನಮಗಿಲ್ಲ. ಜ಼, ಫ಼ ಬರೆಯಲು ಲಿಪಿಯಲ್ಲಿ ಚುಕ್ಕೆಯ ಏರ್ಪಾಟಿದೆ, ಅಚ್ಚಿನಲ್ಲಿ ಕಾಣುವುದು ಅಪರೂಪ. ಬಸ್ಸು ಬಸ್ಸಾಗಿಯೇ ಇರಲಿ. ಜ಼ುಬೇರ್ ಎಂದು ಹೇಳಿಕೊಳ್ಳುವವರ ಹೆಸರಿನ ಕೆಳಗಾದರೂ ಆ ಚುಕ್ಕೆ ಇಡಬಹುದು.