ಹಳೆಯ ಚೀನೀ ಪಿಂಗಾಣಿ ಮನೆಯಲ್ಲಿರಬಹುದೇ?

ಪರ: ಮಾರಲೆಂದೇ ಮಾಡಿದ್ದನ್ನು ಕೊಳ್ಳೋಕೆ ಅಂಜಿಕೆ ಯಾಕೆ?

ನನ್ನ ಹತ್ತಿರ ಒಂದು ಪುಟ್ಟ ತಟ್ಟೆ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಬಾಳೆಎಲೆಯ ಹಿಂಬದಿಯ ಮಾಸಲು ಹಸಿರು ಬಣ್ಣ. ಅಂಚಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ. ಚೀನಾದ ಜೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್ ಎಂಬಲ್ಲಿ ಸುಮಾರು 700 ವರ್ಷದ ಹಿಂದೆ ಮಾಡಿದ್ದು. ಇಲ್ಲಿ ಸಿಂಗಾಪುರದಲ್ಲೇ, ಹನ್ನೊಂದು ವರ್ಷದ ಹಿಂದೆ ಕೊಂಡೆ. ಆ ಚಕ್ಕೆ ಎದ್ದಿದ್ದಕ್ಕೇ ಬೆಲೆ ನನ್ನ ಕೈಗೆ ಎಟುಕಿತು.

ತಟ್ಟೆ ಬಂದ ವರ್ಷವೇ ಅಮ್ಮ ಕುಂದಾಪುರದಿಂದ ಬಂದಿದ್ದರು. ಕನ್ನಡಕ ಹಾಕಿಕೊಂಡು, ತಟ್ಟೆ ಮಗುಚಿ ನೋಡಿದರು. ‘ಇದ್ರ ಅಡಿ ಎಂತಕೆ ಕೆಂಪು, ಮಗಾ?’ ಎಂದು ಕೇಳಿದರು. ಅಂಗಡಿಯವನು ನನಗೆ ಹೇಳಿದ್ದು ಬಣ್ಣ, ಕಾಲ, ರಾಜವಂಶ. ಅಡಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಹೊಳೆಯಿತು. ಉಪ್ಪಿನಕಾಯಿ ಭರಣಿಯನ್ನು ಮಗುಚಿ, ಬಿರುಕು ಇದೆಯಾ ಅಂತ ಉಗುರಿನಿಂದ ತಟ್ಟಿ ನೋಡಿ ಕೊಂಡವರು ಅವರು.

ಉತ್ತರ ಹುಡುಕುತ್ತಾ ಹೋದವನು ಇವತ್ತಿಗೂ ಹುಡುಕುತ್ತಲೇ ಇದ್ದೇನೆ. ಆ ಮಣ್ಣಿನಲ್ಲಿ ಕಬ್ಬಿಣ ಇದೆ, ಮೇಲಿನ ಮೆರುಗಿನಲ್ಲೂ ಚೂರು ಕಬ್ಬಿಣ ಇದೆ. ಬೆಟ್ಟದ ಇಳಿಜಾರಿನಲ್ಲಿ ಹಾವಿನ ಹಾಗೆ ಉದ್ದಕ್ಕೆ ಮಲಗಿರುವ ಆವಿಗೆಯಲ್ಲಿ ಬೆಂಕಿಗೆ ಗಾಳಿ ಕಡಿಮೆ ಬಿಟ್ಟರೆ ಮೆರುಗು ಹಸಿರಾಗುತ್ತದೆ. ಗಾಳಿ ಜಾಸ್ತಿಯಾದರೆ ಹಳದಿ, ಕಂದು. ಮೆರುಗು ಹಚ್ಚದ ಅಡಿ ಉಂಗುರ ಆವಿಗೆ ಆರುವಾಗ ಗಾಳಿಗೆ ಸಿಕ್ಕಿ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಒಂದೇ ಕಬ್ಬಿಣ, ಮೇಲೆ ಹಸಿರು, ಕೆಳಗೆ ಕೆಂಪು! ಗಾಜಿನ ಆಚೆ ಇಟ್ಟಿದ್ದರೆ ಅಮ್ಮ ಇದನ್ನು ಮಗುಚುತ್ತಿದ್ದರಾ?

ಇವು ಚೀನಾದ ಸೊತ್ತು, ಅಲ್ಲೇ ಇರಲಿ ಅನ್ನುತ್ತಾರೆ. ಆದರೆ ಲಾಂಗ್‌ಚುವಾನ್ ಕುಂಬಾರರು ಇವನ್ನು ಮಾಡಿದ್ದೇ ಮಾರೋದಕ್ಕೆ. ಜಪಾನಿನಿಂದ ಆಫ್ರಿಕಾದ ಪೂರ್ವ ಕರಾವಳಿವರೆಗೆ ಇವು ಹೋದವು. ಇಸ್ತಾಂಬುಲ್‌ನ ತೋಪ್ಕಾಪಿ ಅರಮನೆಯಲ್ಲಿ ಇಂಥ ಹಸಿರು ಪಾತ್ರೆಗಳೇ ಸಾವಿರಕ್ಕೂ ಹೆಚ್ಚಿವೆ. ನಮ್ಮ ಹಂಪಿಯನ್ನು ಅಗೆದಾಗಲೂ ಚೀನೀ ಪಿಂಗಾಣಿಯ ಬೋಕಿಗಳು ಸಿಕ್ಕಿವೆ. ವಿಜಯನಗರದವರು ಕದ್ದು ತಂದರಾ? ದುಡ್ಡು ಕೊಟ್ಟು ತಂದರು. ಇಲ್ಲಿನ ಏಷ್ಯನ್ ಸಿವಿಲೈಸೇಶನ್ಸ್ ಮ್ಯೂಸಿಯಂನಲ್ಲಿ ಬೆಲಿತುಂಗ್ ಹಡಗಿನ ಮಾಲು ನೋಡಿ. 9ನೇ ಶತಮಾನದಲ್ಲಿ ಇಂಡೋನೇಷ್ಯಾದ ಹತ್ತಿರ ಮುಳುಗಿದ ಹಡಗು. 1998ರಲ್ಲಿ ಸಿಕ್ಕಿತು. ಅದರಲ್ಲಿದ್ದ ಸುಮಾರು 60,000 ವಸ್ತುಗಳಲ್ಲಿ ಬಹುಪಾಲು ಚೀನಾದ ಚಾಂಗ್‌ಶಾದ ಬಟ್ಟಲುಗಳು. ದೊಡ್ಡ ಹಸಿರು ಹಂಡೆಗಳೊಳಗೆ ಒಂದರ ಪಕ್ಕ ಒಂದು ಸುರುಳಿಯಾಗಿ ಜೋಡಿಸಿ ತುಂಬಿದ್ದರು. ಇದು ವ್ಯಾಪಾರದ ಸರಕು. ಮಾರಲೆಂದೇ ಮಾಡಿದ್ದು.

ಸಂಗ್ರಾಹಕರಿಂದ ಲೋಕಕ್ಕೆ ಏನು ಲಾಭ ಅನ್ನುವವರು ಪರ್ಸಿವಲ್ ಡೇವಿಡ್ ಅವರನ್ನು ನೆನಪಿಸಿಕೊಳ್ಳಲಿ. 1892ರಲ್ಲಿ ಬಾಂಬೆಯಲ್ಲಿ ಹುಟ್ಟಿದವರು. ನೀಲಿ-ಬಿಳಿ ಹೂದಾನಿಗಳೆರಡನ್ನು ಬೇರೆ ಬೇರೆ ಕಡೆ ಕೊಂಡು ಮತ್ತೆ ಜೋಡಿ ಮಾಡಿದರು. ಅವುಗಳ ಕುತ್ತಿಗೆಯ ಮೇಲೆ 1351ಕ್ಕೆ ಸರಿಹೊಂದುವ ತೇದಿ ಬರೆದಿದೆ. ಯುವಾನ್ ದೊರೆಗಳ ಕಾಲದಲ್ಲೇ ಅಷ್ಟು ಪಳಗಿದ ನೀಲಿ-ಬಿಳಿ ಕೆಲಸ ನಡೆದಿತ್ತು ಎಂದು ವಿದ್ವಾಂಸರು ಒಪ್ಪಿದ್ದು ಆ ಜೋಡಿಯಿಂದ. ಅವರ ಸುಮಾರು 1,700 ವಸ್ತುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಇಂಥ ವಸ್ತುಗಳಿಗಾಗಿ ಚೀನಾದಲ್ಲಿ ಗೋರಿ ದೋಚುತ್ತಾರಲ್ಲ ಎಂಬ ಮಾತು ಬಂದೇ ಬರುತ್ತದೆ. ಎಲ್ಲೋ ಕದ್ದ ಸರ ಸಿಕ್ಕಿತು ಅಂತ ಮದುವೆಗೆ ತಾಳಿ ಮಾಡಿಸದೆ ಇರುತ್ತೇವಾ? ಕಳ್ಳರನ್ನು ಪೊಲೀಸರು ಹಿಡಿಯಲಿ. ನನ್ನ ತಟ್ಟೆಯನ್ನು ನಾನು ತಿಂಗಳಿಗೊಮ್ಮೆ, ಟವೆಲ್ ಹಾಸಿದ ಪ್ಲಾಸ್ಟಿಕ್ ಟಬ್‌ನಲ್ಲಿ, ಉಗುರು ಬೆಚ್ಚಗಿನ ನೀರಲ್ಲಿ ನಾನೇ ತೊಳೆಯುತ್ತೇನೆ. ಮನೆಯಲ್ಲಿ ಬೇರೆ ಯಾರಿಗೂ ಆ ಕೆಲಸ ಬಿಟ್ಟಿಲ್ಲ.

ವಿರೋಧ: ಅದು ಯಾರದೋ ಗೋರಿಯಿಂದ ಬಂದಿದ್ದರೆ?

ವಿರೋಧವಾಗಿ ಬರೆಯಿರಿ ಎಂದು ಕೇಳಿದಾಗ ಎರಡು ದಿನ ಯೋಚಿಸಿದೆ. ನನಗೂ ಈ ಪಾತ್ರೆಗಳು ಇಷ್ಟ. ಲಾಂಗ್‌ಚುವಾನ್‌ನ ಹಸಿರು ಕಂಡರೆ ನಾನೂ ನಿಂತು ನೋಡುತ್ತೇನೆ. ಒಂದು ತಟ್ಟೆ ಇಟ್ಟುಕೊಂಡು ಅಷ್ಟು ಅಕ್ಕರೆಯಿಂದ ತೊಳೆಯುವವರ ಮೇಲೆ ನನಗೆ ತಕರಾರು ಕಡಿಮೆ. ಆದರೆ ಕೊಳ್ಳುವವರೆಲ್ಲ ಹಾಗಿರುವುದಿಲ್ಲ. ಗಾಜಿನ ಬೀರು, ಒಳಗೆ ಲೈಟು, ಬಂದವರ ಮುಂದೆ ಬೆಲೆ ಹೇಳುವುದು, ಇದೇ ಜಾಸ್ತಿ. 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಂಜ-ಹೇಂಟೆ ಚಿತ್ರದ ಪುಟ್ಟ ಬಟ್ಟಲೊಂದು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಕೊಂಡವರು ಅದರಲ್ಲಿ ಚಹಾ ಕುಡಿದು ಫೋಟೋ ತೆಗೆಸಿಕೊಂಡರು.

ನನ್ನ ತಕರಾರು ಶುರುವಾಗಿದ್ದು ಒಂದು ಮಣ್ಣಿನ ಕುದುರೆಯಿಂದ. ಚೀನಾದ ಟ್ಯಾಂಗ್ ರಾಜವಂಶದ ಕಾಲದ ‘ಸಾನ್‌ಸೈ’, ಅಂದರೆ ಮೂರು ಬಣ್ಣದ ಕೆಲಸ. ಜೇನಿನ ಬಣ್ಣ, ಹಸಿರು, ಕೆನೆ ಬಿಳಿ, ಒಂದರೊಳಗೊಂದು ಕರಗಿ ಕುದುರೆಯ ಹೊಟ್ಟೆ ಮೇಲೆ ಇಳಿದಿರುತ್ತವೆ. ನಮ್ಮ ಯಜಮಾನರು ಅದನ್ನು ಒಂದು ಅಂಗಡಿಯಲ್ಲಿ ಸರ್ಟಿಫಿಕೇಟ್ ಸಮೇತ ಕೊಂಡು, ನನ್ನ ಹುಟ್ಟುಹಬ್ಬಕ್ಕೆ ತಂದರು. ನಾನು ಅವತ್ತೇ ರಾತ್ರಿ ಇದರ ಬಗ್ಗೆ ಓದಲು ಕುಳಿತೆ. ಸತ್ತವರ ಜೊತೆ ಹೂಳೋದಕ್ಕೆ ಮಾಡಿದ್ದು ಇದು. ಹಿಂದಿನ ಚೀನೀ ಸಂಗ್ರಾಹಕರು ಗೋರಿಯ ಇಂಥ ಬೊಂಬೆ ಅಪಶಕುನ ಅಂತ ಮುಟ್ಟುತ್ತಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಚೀನಾದ ಲುವೊಯಾಂಗ್ ನಗರದ ಹತ್ತಿರ ರೈಲು ಹಳಿ ಹಾಕುವಾಗ ಗೋರಿಗಳು ಒಡೆದವು. ವಿದೇಶದವರು ದುಡ್ಡು ಕೊಟ್ಟರು. ಅಲ್ಲಿಂದ ದೋಚುವುದು ಕಸುಬಾಯಿತು. ‘ಲುವೊಯಾಂಗ್ ಸಲಿಕೆ’ ಅಂತಲೇ ಒಂದಿದೆ. ಅರ್ಧ ಸೀಳಿದ ಕೊಳವೆಯಂಥ ಅಲಗು. ನೆಲಕ್ಕೆ ಚುಚ್ಚಿ ಮೇಲೆತ್ತಿದರೆ ಒಳಗಿನ ಮಣ್ಣು ಪದರ ಪದರವಾಗಿ ಬರುತ್ತದೆ, ಕೆಳಗೆ ಗೋರಿ ಇದೆಯಾ ಅಂತ ಗೊತ್ತಾಗುತ್ತದೆ. ಗೋರಿಗಳ್ಳರ ಈ ಸಲಿಕೆಯನ್ನು ಆಮೇಲೆ ಪುರಾತತ್ವದವರೂ ಬಳಸತೊಡಗಿದರು.

ಮೂರು ತಿಂಗಳು ಆ ಕುದುರೆ ನಮ್ಮ ಮನೆಯ ಹಾಲ್‌ನಲ್ಲಿತ್ತು. ನನಗೆ ಅದರ ಪಕ್ಕ ಕೂರಲು ಆಗುತ್ತಿರಲಿಲ್ಲ. ಕೊನೆಗೆ ಲ್ಯಾಬಿಗೆ ಕಳಿಸಿದೆವು. ಕಾಲಿನ ಅಡಿಯಲ್ಲಿ ಚಿಕ್ಕದಾಗಿ ಕೊರೆದು ಪುಡಿ ತೆಗೆದು, ಮಣ್ಣು ಬೆಂದು ಎಷ್ಟು ಕಾಲವಾಯಿತು ಅಂತ ನೋಡುತ್ತಾರೆ. ಇತ್ತೀಚಿನ ನಕಲು ಅಂತ ವರದಿ ಬಂತು. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ಯಜಮಾನರು ತುಂಬಾ ನೊಂದುಕೊಂಡರು. ನನಗೆ ಮಾತ್ರ ಎದೆ ಮೇಲಿನ ಭಾರ ಇಳಿದ ಹಾಗಾಯಿತು. ಅಸಲಿಯಾಗಿದ್ದರೆ ಯಾರ ತಲೆಯ ಹತ್ತಿರದಿಂದ ಎತ್ತಿಕೊಂಡು ಬಂದದ್ದೋ!

ಮಾರಲೆಂದೇ ಮಾಡಿದ್ದು ಅನ್ನುತ್ತಾರೆ. ಮುಳುಗಿದ ಹಡಗಿನ ಮಾಲು ಯಾರಿಗೂ ಮಾರಿ ಹೋಗಲಿಲ್ಲವಲ್ಲ. 1752ರಲ್ಲಿ ಮುಳುಗಿದ ಡಚ್ ಹಡಗಿನ ಪಿಂಗಾಣಿಯನ್ನು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜು ಹಾಕಿದರು. ಚೀನಾದಿಂದ ಹೋದವರಿಗೆ ಬೆಲೆ ಏರಿ ಏರಿ ಒಂದು ತಟ್ಟೆಯೂ ಸಿಗಲಿಲ್ಲ. ಆ ಪೆಟ್ಟಿನಿಂದ ಮರುವರ್ಷವೇ ಅವರು ನೀರೊಳಗಿನ ಪುರಾತತ್ವದ ಕೆಲಸ ಶುರು ಮಾಡಿದರು.

ಲಾಂಗ್‌ಚುವಾನ್‌ನಲ್ಲಿ ಇಂದಿಗೂ ಕುಂಬಾರರಿದ್ದಾರೆ. ಅವರ ಕಲೆಯನ್ನು ಯುನೆಸ್ಕೊ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿನ ಹೊಸ ಬಟ್ಟಲೊಂದನ್ನು ಹೋದ ವರ್ಷ ತರಿಸಿಕೊಂಡೆ. ಅಡಿ ಉಂಗುರ ಅದರದೂ ಕೆಂಪೇ. ದಿನಾ ರಾತ್ರಿ ಅದರಲ್ಲೇ ಹಾಲಿಗೆ ಹೆಪ್ಪು ಹಾಕುತ್ತೇನೆ.