ಕ್ಯಾಂಪಸ್ಸಿನ ಕನ್ಸರ್ವೇಟಿವ್ ಕ್ಲಬ್ಬು: ದೊಡ್ಡ ಹೆಸರಿನ ಭಾಷಣಕಾರರನ್ನು ಕರೆಸಬೇಕೇ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕನ್ಸರ್ವೇಟಿವ್, ಅಂದರೆ ಬಲಪಂಥದ, ವಿದ್ಯಾರ್ಥಿ ಕ್ಲಬ್ಬು ನಡೆಸುವವರ ನಡುವೆ ಪ್ರತಿ ವರ್ಷ ಏಳುವ ಜಗಳ ಇದು. ಟಿವಿ, ಯೂಟ್ಯೂಬ್‌ನಲ್ಲಿ ಹೆಸರು ಮಾಡಿದವರನ್ನು ಕರೆಸಿ ದೊಡ್ಡ ಸಭೆ ಮಾಡುವುದೋ, ಅಥವಾ ಒಂದು ಕೋಣೆಯಲ್ಲಿ ಕೂತು ಓದಿ ಚರ್ಚಿಸುವುದೋ? ಇಲ್ಲಿ ಬರೆದಿರುವ ಇಬ್ಬರು ಕನ್ನಡಿಗರು ಒಂದೇ ಸರ್ಕಾರಿ ವಿಶ್ವವಿದ್ಯಾಲಯದ ಒಂದೇ ಕ್ಲಬ್ಬಿನಲ್ಲಿ ಎರಡು ವರ್ಷ ಜೊತೆಗಿದ್ದವರು. ಒಬ್ಬರು ಖಜಾಂಚಿ, ಇನ್ನೊಬ್ಬರು ಅಧ್ಯಕ್ಷ.

ಪರ: ಕರೆಸಬೇಕು, ಹೆದರಬಾರದು

ಬುಧವಾರ 11ರಿಂದ 2ರವರೆಗೆ ಕ್ಲಬ್ಬಿಗೆ ಜನ ಸೇರಿಸಲು ನಾವು ಕ್ಯಾಂಪಸ್ಸಿನಲ್ಲಿ ಮೇಜು ಹಾಕುತ್ತಿದ್ದೆವು. ಮಡಚುವ ಪ್ಲಾಸ್ಟಿಕ್ ಮೇಜು. ಮೇಲೆ ಒಂದು ಬ್ಯಾನರ್, ಅದು ಗಾಳಿಗೆ ಹಾರದ ಹಾಗೆ ಮೂಲೆಗೊಂದು ನೀರಿನ ಬಾಟಲಿ. ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕ ಸಂವಿಧಾನದ ಪುಸ್ತಕಗಳು, ಒಂದು ಡಬ್ಬ ಡೋನಟ್, ಹೆಸರು ಮತ್ತು ಇಮೇಲ್ ಬರೆಯುವ ಹಾಳೆ. ಡೋನಟ್ ಕೈಗೆ ತಗೊಂಡು, ಆಮೇಲೆ ಬ್ಯಾನರ್ ಓದಿ, ಡೋನಟ್ ವಾಪಸ್ ಇಟ್ಟು ಹೋದವರನ್ನೂ ನೋಡಿದ್ದೇನೆ. ಇಡೀ ಸೆಮಿಸ್ಟರಿಗೆ ಹಾಳೆ ತುಂಬಿದ್ದು ಒಂದೂವರೆ ಪುಟ. ಆಮೇಲೆ ಎಲ್ಲರಿಗೂ ಮುಖಪರಿಚಯ ಇರುವ ಒಬ್ಬರನ್ನು ಕರೆಸಿದೆವು. ಆ ಒಂದು ಸಂಜೆಗೆ ಒಂಬತ್ತು ಪುಟ.

ಆ ಒಂಬತ್ತು ಪುಟದಲ್ಲಿ ಒಂದು ಹೆಸರು ನನಗೆ ಚೆನ್ನಾಗಿ ನೆನಪಿದೆ. ಮೊದಲ ವರ್ಷದ ಹುಡುಗ, ಜೋಳ ಬೆಳೆಯುವ ರೈತರ ಮನೆಯವನು. ಹೆಸರು ಬರೆದು ಪೆನ್ನು ಕೆಳಗಿಡದೆ ನನ್ನನ್ನು ಕೇಳಿದ, "ಈ ಹಾಳೆ ಯಾರಿಗೂ ತೋರಿಸಲ್ಲ ಅಲ್ವಾ?" ಇಂಥ ಹುಡುಗರಿಗೆ ಬೇಕಿರುವುದು ಮೊದಲು ಒಂದು ತುಂಬಿದ ಸಭಾಂಗಣ. ತನ್ನ ಹಾಗೆ ಯೋಚಿಸುವ ಮುನ್ನೂರು ಜನ ಇದೇ ಊರಲ್ಲಿ, ಇದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾರೆ ಅಂತ ಕಣ್ಣಾರೆ ಕಾಣುವುದು. ಆರು ಜನರ ಓದುವ ಕೂಟ ಅದನ್ನು ತೋರಿಸಲಾರದು.

ಇದು ಹೊಸ ಹಟವೂ ಅಲ್ಲ. 1964ರ ಸೆಪ್ಟೆಂಬರ್‌ನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕ್ಯಾಂಪಸ್ ಬಾಗಿಲಿನ ಹತ್ತಿರ ರಾಜಕೀಯದ ಮೇಜು ಹಾಕಬಾರದು ಅಂದಿತು. ಅಕ್ಟೋಬರ್ 1ರಂದು ನಾಗರಿಕ ಹಕ್ಕುಗಳ ಸಂಘಟನೆಯೊಂದರ ಮೇಜಿನ ಮುಂದೆ ಕೂತಿದ್ದವನೊಬ್ಬನನ್ನು ಪೊಲೀಸರು ಹಿಡಿದು ಕಾರಿಗೆ ಹಾಕಿದರು. ವಿದ್ಯಾರ್ಥಿಗಳು ಕಾರಿನ ಸುತ್ತ ಕೂತುಬಿಟ್ಟರು. ಸುಮಾರು 32 ಗಂಟೆ ಆ ಕಾರು ಕದಲಲಿಲ್ಲ. ಈ ಹೋರಾಟ ಎಡಪಂಥದವರದ್ದು ಅಂತಲೇ ಎಲ್ಲರ ನೆನಪು, ಮುಂದಾಳುಗಳೂ ಅವರೇ. ಆದರೆ ಮೇಜಿನ ನಿಷೇಧದ ವಿರುದ್ಧ ಒಟ್ಟಾದ ಸಂಘಗಳಲ್ಲಿ, ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಪರ ವಿದ್ಯಾರ್ಥಿಗಳೂ ಇದ್ದರು. ಮೇಜು ಅವರಿಗೂ ಬೇಕಿತ್ತು. ನಮಗೆ ಈಗ ಬೇಕಿರುವುದೂ ಅದೇ ಜಾಗ.

ದುಡ್ಡಿನ ಮಾತು ಖಜಾಂಚಿಯಾಗಿ ನಾನೇ ಹೇಳಬೇಕು. ಪ್ರತಿ ವಿದ್ಯಾರ್ಥಿ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ವಿದ್ಯಾರ್ಥಿ ಸಂಘಗಳಿಗೆ ಹೋಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಸೌತ್‌ವರ್ತ್ ಅನ್ನುವ ಕಾನೂನು ವಿದ್ಯಾರ್ಥಿ, ಕನ್ಸರ್ವೇಟಿವ್, ನನಗೆ ಒಪ್ಪಿಗೆಯಿಲ್ಲದ ಸಂಘಗಳಿಗೆ ನನ್ನ ದುಡ್ಡು ಹೋಗಬಾರದು ಅಂತ ಕೋರ್ಟಿಗೆ ಹೋದ. 2000ದಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ವಾದ ಒಪ್ಪಲಿಲ್ಲ. ಶುಲ್ಕ ವಸೂಲಿ ಮಾಡಬಹುದು, ಆದರೆ ಹಂಚುವಾಗ ಯಾರ ಅಭಿಪ್ರಾಯ ಏನು ಅಂತ ನೋಡಬಾರದು ಅಂದಿತು. ಅವನು ಸೋತ ಆ ತೀರ್ಪೇ ಇವತ್ತು ನಮ್ಮಂಥ ಕ್ಲಬ್ಬುಗಳ ಕೈ ಹಿಡಿಯುತ್ತದೆ. ಎಡಪಂಥದ ಸಂಘವೊಂದು ಭಾಷಣಕಾರರನ್ನು ಕರೆಸಲು ದುಡ್ಡು ಪಡೆದರೆ, ನಾವೂ ಅದೇ ಅರ್ಜಿ ಹಾಕಬಹುದು. ನಮ್ಮದೇ ಶುಲ್ಕ, ನಾವು ಯಾಕೆ ಸುಮ್ನೆ ಬಿಡಬೇಕು?

ಭದ್ರತೆಗೆ ಬಹಳ ಖರ್ಚಾಗುತ್ತದೆ ಅಂತ ನನ್ನ ಗೆಳೆಯರು ಹೇಳುತ್ತಾರೆ. ಆಗುತ್ತದೆ, ನಿಜ. ಆದರೆ ಆ ಖರ್ಚು ಯಾರ ತಲೆಗೆ ಕಟ್ಟಬೇಕು? ಕೇಳುವವರು ಸಿಟ್ಟಾಗಬಹುದು ಅನ್ನುವ ಕಾರಣಕ್ಕೆ ಮಾತನಾಡುವವರಿಂದ ಜಾಸ್ತಿ ಶುಲ್ಕ ಕೀಳುವ ಹಾಗಿಲ್ಲ ಅಂತ 1992ರಲ್ಲೇ, ಜಾರ್ಜಿಯಾದ ಫೋರ್ಸೈತ್ ಕೌಂಟಿಯ ಕೇಸಿನಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಆದರೂ 2018ರ ಫೆಬ್ರವರಿಯಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಅಲ್ಲಿನ ಕಾಲೇಜ್ ರಿಪಬ್ಲಿಕನ್ಸ್ ಕ್ಲಬ್ಬಿಗೆ ಒಂದು ರ್‍ಯಾಲಿಗಾಗಿ 17,000 ಡಾಲರ್ ಭದ್ರತಾ ಶುಲ್ಕ ಹಾಕಿತು. ಹುಡುಗರು ಕೋರ್ಟಿಗೆ ಹೋದರು, ನ್ಯಾಯಾಧೀಶರು ಶುಲ್ಕಕ್ಕೆ ತಡೆ ಕೊಟ್ಟರು, ಕೊನೆಗೆ ವಿಶ್ವವಿದ್ಯಾಲಯವೇ 1,22,500 ಡಾಲರ್ ವಕೀಲರ ಫೀಸು ಕೊಟ್ಟು ರಾಜಿಯಾಯಿತು. ಆ ಹುಡುಗರು ಗಲಾಟೆ ಬೇಡ ಅಂತ ಮನೆಗೆ ಹೋಗಿದ್ದರೆ ಆ ಬಿಲ್ಲು ಮುಂದಿನ ವರ್ಷದ ಕ್ಲಬ್ಬಿಗೂ ಬರುತ್ತಿತ್ತು.

2017ರ ಮಾರ್ಚ್ 2ರಂದು ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ವಿದ್ಯಾರ್ಥಿ ಕ್ಲಬ್ಬೊಂದು, ಜನಾಂಗ ಮತ್ತು ಬುದ್ಧಿಮತ್ತೆಯ ಬಗ್ಗೆ ಬರೆದು ವಿವಾದಕ್ಕೆ ಸಿಕ್ಕಿದ್ದ ಲೇಖಕ ಚಾರ್ಲ್ಸ್ ಮರೇ ಅವರನ್ನು ಕರೆಸಿತ್ತು. ಕೂಗಾಟದಲ್ಲಿ ಅವರಿಗೆ ಸಭಾಂಗಣದಲ್ಲಿ ಮಾತನಾಡಲು ಆಗಲೇ ಇಲ್ಲ. ಅವರಿಗೆ ಕಠಿಣ ಪ್ರಶ್ನೆ ಹಾಕಲೆಂದೇ ಬಂದಿದ್ದ ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್ ಹೊರಗೆ ಹೋಗುವಾಗ ನೂಕುನುಗ್ಗಲಿನಲ್ಲಿ ಕುತ್ತಿಗೆಗೆ ಪೆಟ್ಟು ತಿಂದರು. ತಪ್ಪು ಕರೆಸಿದವರದ್ದು ಅಂದರೆ ನಾನು ಒಪ್ಪಲ್ಲ.

ಇನ್ನು 2025ರ ಸೆಪ್ಟೆಂಬರ್ 10. ಆಗ ನಾವಿಬ್ಬರೂ ಕ್ಲಬ್ಬು ಬಿಟ್ಟಾಗಿತ್ತು. ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಬಯಲಿನಲ್ಲಿ ಟೆಂಟಿನ ಕೆಳಗೆ ಕೂತು ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಗಲೇ, ಕನ್ಸರ್ವೇಟಿವ್ ಯುವಜನರ ಸಂಘಟನೆ ಕಟ್ಟಿದ್ದ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಅವರ ಎಲ್ಲ ಮಾತೂ ನನಗೆ ಹಿಡಿಸುತ್ತಿತ್ತು ಅಂತಲ್ಲ. ಆದರೆ ಅವರು ಕೂತಿದ್ದು ಮೈಕು ಎದುರಾಳಿಯ ಕೈಗೆ ಕೊಟ್ಟು. ಅದನ್ನು ನೋಡಿದ ಮೇಲೆ ಕ್ಲಬ್ಬಿನ ಹುಡುಗರಿಗೆ "ಇನ್ನು ಮೇಲೆ ಯಾರನ್ನೂ ಕರೆಸಬೇಡಿ" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಾಗಿಲಲ್ಲಿ ಬ್ಯಾಗು ಪರೀಕ್ಷೆ ಮಾಡಿಸಿ, ಒಳಗಿನ ಸಭಾಂಗಣ ಹಿಡಿಯಿರಿ, ಪೊಲೀಸರ ಜೊತೆ ತಿಂಗಳ ಮೊದಲೇ ಕೂತು ಮಾತಾಡಿ. ಆದರೆ ಕರೆಸಿ.

ವಿರೋಧ: ಆ ಒಂಬತ್ತು ಪುಟ ಆಮೇಲೆ ಏನಾಯಿತು?

ನನ್ನನ್ನು ಈ ಕ್ಲಬ್ಬಿಗೆ ಕರೆತಂದವರೇ ಮೇಲಿನ ಲೇಖನ ಬರೆದ ಗೆಳತಿ. ಅವರ ಧೈರ್ಯದ ಬಗ್ಗೆ ನನಗೆ ಗೌರವ ಇದೆ, ಕಾನೂನಿನ ವಿಷಯದಲ್ಲಿ ಅವರು ಬರೆದದ್ದೆಲ್ಲ ಸರಿ. ಕರೆಸುವ ಹಕ್ಕು ಇದೆಯೋ ಇಲ್ಲವೋ ಅನ್ನುವುದು ನನ್ನ ತಕರಾರೇ ಅಲ್ಲ. ಹಕ್ಕು ಇದೆ. ಅದರಿಂದ ಕ್ಲಬ್ಬು ಬೆಳೆಯುತ್ತದೆಯೇ ಅನ್ನುವುದು ನನ್ನ ಪ್ರಶ್ನೆ.

ಒಂಬತ್ತು ಪುಟ ತುಂಬಿದ್ದು ನಿಜ. ಆ ಇಮೇಲ್‌ಗಳನ್ನೆಲ್ಲ ರಾತ್ರಿ ಕೂತು ಟೈಪ್ ಮಾಡಿದವನು ನಾನು. ಇನ್ನೂರ ಹದಿನಾರು ಹೆಸರು. ಮುಂದಿನ ಮಂಗಳವಾರದ ಸಭೆಗೆ ಎಲ್ಲರಿಗೂ ಕರೆ ಹೋಯಿತು, ನಾನು ಮೂವತ್ತು ಜನಕ್ಕಾಗುವಷ್ಟು ಪಿಜ್ಜಾ ತರಿಸಿದೆ. ಹೊಸಬರು ಬಂದದ್ದು ನಾಲ್ಕು ಜನ. ಉಳಿದವರು ಬಂದಿದ್ದು ಭಾಷಣಕಾರರನ್ನು ನೋಡಲು, ಫೋಟೋ ತೆಗೆಸಿಕೊಳ್ಳಲು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಒಂದು ಸಂಜೆಗಾಗಿ ನಾವು ಮೂರು ತಿಂಗಳು ಬೇರೆ ಏನನ್ನೂ ಮಾಡಿರಲಿಲ್ಲ. ಸಭಾಂಗಣದ ಕರಾರು, ವಿಮೆ, ಪೊಲೀಸರ ಜೊತೆ ನಾಲ್ಕು ಮೀಟಿಂಗು, ಪೋಸ್ಟರ್ ಅಂಟಿಸುವುದು, ಹರಿದುಹಾಕಿದ ಪೋಸ್ಟರ್ ಮತ್ತೆ ಅಂಟಿಸುವುದು. ಇಬ್ಬರು ಪದಾಧಿಕಾರಿಗಳು ಆ ಸೆಮಿಸ್ಟರಿನಲ್ಲಿ ಒಂದೊಂದು ಕೋರ್ಸು ಕೈಬಿಟ್ಟರು.

ಬರ್ಕ್ಲಿಯ 1964ರ ಮೇಜು ಗೆಳತಿಗೆ ನೆನಪಿದೆ, ನನಗೆ ಅದೇ ಬರ್ಕ್ಲಿಯ 2017 ನೆನಪಿದೆ. ಫೆಬ್ರವರಿ 1ರಂದು ಅಲ್ಲಿನ ಕಾಲೇಜ್ ರಿಪಬ್ಲಿಕನ್ಸ್ ಕೆಣಕುವ ಮಾತಿಗೇ ಹೆಸರಾದ ಬಲಪಂಥದ ಭಾಷಣಕಾರ ಮೈಲೋ ಯಿಯಾನೋಪೌಲಸ್ ಅವರನ್ನು ಕರೆಸಿದ್ದರು. ಮುಖ ಮುಚ್ಚಿಕೊಂಡ ಗುಂಪು ನುಗ್ಗಿ ಬೆಂಕಿ ಹಚ್ಚಿತು, ಸಭೆ ರದ್ದಾಯಿತು, ಕ್ಯಾಂಪಸ್ಸಿಗೆ ಸುಮಾರು 1 ಲಕ್ಷ ಡಾಲರ್ ನಷ್ಟ. ಬೆಂಕಿ ಹಚ್ಚಿದವರದ್ದೇ ತಪ್ಪು, ಅನುಮಾನವೇ ಬೇಡ. ಆದರೆ ಸೆಪ್ಟೆಂಬರ್‌ನಲ್ಲಿ ಏನಾಯಿತು ನೋಡಿ. ಅದೇ ವ್ಯಕ್ತಿಯನ್ನು ಮುಂದಿಟ್ಟುಕೊಂಡು ನಾಲ್ಕು ದಿನದ ವಾಕ್ ಸ್ವಾತಂತ್ರ್ಯ ಸಪ್ತಾಹ ಅಂತ ಘೋಷಣೆಯಾಯಿತು. ಕಾಗದದ ಮೇಲೆ ಅದನ್ನು ನಡೆಸಬೇಕಿದ್ದವರು ಒಂದು ಪುಟ್ಟ ವಿದ್ಯಾರ್ಥಿ ಪತ್ರಿಕೆಯ ಹುಡುಗರು. ಸಭಾಂಗಣದ ಗಡುವುಗಳು ತಪ್ಪಿಹೋದವು. ಹಿಂದಿನ ದಿನ ಹುಡುಗರು ಕೈಚೆಲ್ಲಿದರು. ಮೈಲೋ ಮಾತ್ರ ಬಂದರು, ಸ್ಪ್ರೌಲ್ ಪ್ಲಾಜಾದಲ್ಲಿ ಕೆಲವು ನಿಮಿಷ ನಿಂತು ಹೋದರು. ಆ ದಿನದ ಪೊಲೀಸ್ ಖರ್ಚು ಸುಮಾರು 8 ಲಕ್ಷ ಡಾಲರ್. ಅವರಿಗೆ ಒಳ್ಳೆಯ ಫೋಟೋ ಸಿಕ್ಕಿತು. ಮಾರನೆಯ ದಿನ ಕ್ಲಾಸಿಗೆ ಹೋಗಿ ಸಹಪಾಠಿಗಳ ಪಕ್ಕದಲ್ಲಿ ಕೂರಬೇಕಾಗಿದ್ದು ಆ ಹುಡುಗರು.

ಇದೇ ನನಗೆ ಸಂಕಟ. ಭಾಷಣಕಾರರು ರಾತ್ರಿಯ ವಿಮಾನ ಹಿಡಿಯುತ್ತಾರೆ. ಅವರ ವಿಡಿಯೊಗೆ ಗಲಾಟೆ ಆದಷ್ಟೂ ಒಳ್ಳೆಯದು. ಕ್ಲಬ್ಬಿನವರಿಗೆ ಇನ್ನೂ ಮೂರು ವರ್ಷ ಅಲ್ಲೇ ಬದುಕಬೇಕು. ಅದೂ ನಾವು ಕನ್ಸರ್ವೇಟಿವ್ ಅಂತ ಹೇಳಿಕೊಳ್ಳುವವರು. ಇರುವ ಸಂಸ್ಥೆಯನ್ನು ಕೆಡಿಸದೆ ನಿಧಾನವಾಗಿ ಸರಿಪಡಿಸಬೇಕು ಅನ್ನುವವರು. ಅಂಥವರು ತಮ್ಮದೇ ವಿಶ್ವವಿದ್ಯಾಲಯದಲ್ಲಿ ಗದ್ದಲ ಎಬ್ಬಿಸುವುದನ್ನೇ ಕೆಲಸ ಅಂದುಕೊಂಡರೆ, ನಮ್ಮ ನಂಬಿಕೆಗೂ ನಮ್ಮ ನಡತೆಗೂ ತಾಳೆ ಆಗುವುದಿಲ್ಲ.

ಇನ್ನೊಂದು ದಾರಿ ಇದೆ, ಅದು ಫಲ ಕೊಟ್ಟಿದೆ ಕೂಡ. 1982ರಲ್ಲಿ ಯೇಲ್ ಮತ್ತು ಶಿಕಾಗೋ ಕಾನೂನು ಶಾಲೆಗಳ ಕೆಲವೇ ವಿದ್ಯಾರ್ಥಿಗಳು ಫೆಡರಲಿಸ್ಟ್ ಸೊಸೈಟಿ ಅನ್ನುವ ಕನ್ಸರ್ವೇಟಿವ್ ಕಾನೂನು ಸಂಘ ಶುರುಮಾಡಿದರು. ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಆಂಟನಿನ್ ಸ್ಕಾಲಿಯಾ ಆ ವಿದ್ಯಾರ್ಥಿಗಳಿಗೆ ಸಲಹೆ ಕೊಡುತ್ತಿದ್ದರು. ನಾಲ್ಕು ವರ್ಷದ ಮೇಲೆ ಸ್ಕಾಲಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಈ ಸಂಘದ ಪದ್ಧತಿ ಸರಳ. ನಮ್ಮ ಕಡೆಯ ಒಬ್ಬರನ್ನು ಕರೆಸಿ, ವಿರುದ್ಧ ವಾದಿಸುವ ಪ್ರಾಧ್ಯಾಪಕರೊಬ್ಬರನ್ನೂ ಅದೇ ವೇದಿಕೆಗೆ ಕರೆಸಿ, ಮಧ್ಯಾಹ್ನದ ಊಟ ಕೊಟ್ಟು ಚರ್ಚೆ ಮಾಡಿಸುವುದು. ಇವತ್ತು ಅಮೆರಿಕದ ಸುಪ್ರೀಂ ಕೋರ್ಟಿನ ಕನ್ಸರ್ವೇಟಿವ್ ನ್ಯಾಯಮೂರ್ತಿಗಳಲ್ಲಿ ಬಹುತೇಕರಿಗೆ ಆ ಸಂಘದ ನಂಟಿದೆ. ಅವರ ಸಭೆಗಳಿಗೂ ಅಡ್ಡಿಯಾಗಿದೆ. 2023ರ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನ್ಯಾಯಾಧೀಶ ಕೈಲ್ ಡಂಕನ್ ಅವರನ್ನು ಮಾತನಾಡಲು ಬಿಡಲಿಲ್ಲ. ಆದರೆ ಆಮೇಲೆ ಅಲ್ಲಿನ ಡೀನ್ ಉದ್ದದ ಪತ್ರ ಬರೆದು, ಹೀಗೆ ಕೂಗಿ ನಿಲ್ಲಿಸುವುದು ವಾಕ್ ಸ್ವಾತಂತ್ರ್ಯ ಅಲ್ಲ ಅಂದರು. ವರ್ಷವಿಡೀ ಮರ್ಯಾದೆಯಿಂದ ಚರ್ಚೆ ನಡೆಸಿಕೊಂಡು ಬಂದ ಸಂಘವಾದರೆ ಅದರ ಪರವಾಗಿ ಮಾತಾಡಲು ಬೇರೆಯವರಿಗೂ ಸುಲಭ.

ಮಿಡಲ್‌ಬರಿಯ ಬಗ್ಗೆ ಗೆಳತಿ ಬರೆದದ್ದು ಓದಿದಾಗ ನನಗೆ ಅನಿಸಿದ್ದು ಇದು: ಆ ಸಭೆಯಲ್ಲಿ ಇದ್ದ ಒಳ್ಳೆಯದೆಲ್ಲ ಪ್ರೊಫೆಸರ್ ಸ್ಟ್ಯಾಂಗರ್ ಅವರಿಂದಲೇ ಬಂದದ್ದು. ಓದಿಕೊಂಡು, ಪ್ರಶ್ನೆ ಬರೆದುಕೊಂಡು ಎದುರು ಕೂರುವ ಒಬ್ಬರು. ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ರಾಬರ್ಟ್ ಜಾರ್ಜ್ ಕನ್ಸರ್ವೇಟಿವ್, ಚಿಂತಕ ಕಾರ್ನೆಲ್ ವೆಸ್ಟ್ ಎಡಪಂಥದವರು. ಇಬ್ಬರೂ ಹಳೆಯ ಗೆಳೆಯರು, ಒಟ್ಟಿಗೆ ವೇದಿಕೆ ಹತ್ತುತ್ತಾರೆ. ಅಂಥ ಜೋಡಿಯನ್ನು ಕರೆಸಿ ಅಂದರೆ ನಾನು ಮೊದಲು ಕುರ್ಚಿ ಹಾಕುತ್ತೇನೆ.

ಸಣ್ಣ ಕೋಣೆಯಲ್ಲಿ ಮಾತ್ರ ಆಗುವ ಮಾತೂ ಇದೆ. 2025ರ ಮಾರ್ಚ್‌ನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರನ್ನು, ಟರ್ಕಿಯವರು, ನಮ್ಮ ಹಾಗೇ ವಿದ್ಯಾರ್ಥಿ ವೀಸಾದ ಮೇಲೆ ಬಂದವರು, ವಲಸೆ ಅಧಿಕಾರಿಗಳು ದಾರಿಯಲ್ಲೇ ಹಿಡಿದು ಲೂಸಿಯಾನಾದ ಬಂಧನ ಕೇಂದ್ರಕ್ಕೆ ಒಯ್ದರು. ಗಾಜಾ ವಿಷಯದಲ್ಲಿ ವಿದ್ಯಾರ್ಥಿ ಪತ್ರಿಕೆಗೆ ಅವರು ಬೇರೆಯವರ ಜೊತೆ ಸೇರಿ ಒಂದು ಲೇಖನ ಬರೆದಿದ್ದರು. ಆ ಲೇಖನ ನನಗೆ ಒಪ್ಪಿಗೆ ಇರಲಿಲ್ಲ. ಆದರೆ ನಾವು ಗೆಲ್ಲಬೇಕು ಅಂತ ಬಯಸಿದ ಸರ್ಕಾರವೇ ಅದನ್ನು ಮಾಡಿದಾಗ ನಾನು ಸುಮ್ಮನಿರಲು ಆಗಲಿಲ್ಲ. ಆ ಮಂಗಳವಾರ ಹನ್ನೆರಡು ಜನ ಎರಡೂವರೆ ಗಂಟೆ ಜಗಳವಾಡಿದೆವು. ಏಳು ಜನ ಇದು ತಪ್ಪು ಅಂದರು, ಐದು ಜನ ಅಲ್ಲ ಅಂದರು. ಯಾರೂ ಎದ್ದು ಹೋಗಲಿಲ್ಲ. ಮುನ್ನೂರು ಜನ ಚಪ್ಪಾಳೆ ತಟ್ಟುವ ಸಭೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಎತ್ತುತ್ತಿದ್ದರೇ?

ಚಾರ್ಲಿ ಕರ್ಕ್ ಅವರ ಸಾವಿನ ಸುದ್ದಿ ಬಂದ ರಾತ್ರಿ ಗೆಳತಿ ಮತ್ತು ನಾನು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಅಲ್ಲಿ ಸೇರಿದ್ದವರು ಸುಮಾರು 3,000 ಜನ. ನನಗೆ ಕಣ್ಣ ಮುಂದೆ ಬಂದದ್ದು ಅಂಥ ಸಭೆಗೆ ಜಾಗ ಕಾಯ್ದಿರಿಸಿ, ಫಾರಂಗೆ ಸಹಿ ಹಾಕುವ ಹತ್ತೊಂಬತ್ತು ವರ್ಷದ ಹುಡುಗರು. ಅಷ್ಟು ಜನರ ಜೀವದ ಲೆಕ್ಕವನ್ನು ಒಂದು ಕ್ಲಬ್ಬಿನ ಅಧ್ಯಕ್ಷನ ಹೆಗಲಿಗೆ ಹಾಕಬಾರದು. ನಾನು ಆ ಜಾಗದಲ್ಲಿ ಇದ್ದವನು, ಅದಕ್ಕೇ ಹೇಳುತ್ತಿದ್ದೇನೆ.

ಆ ಹಾಳೆ ಯಾರಿಗೂ ತೋರಿಸಲ್ಲ ಅಲ್ವಾ ಅಂತ ಕೇಳಿದ ಹುಡುಗ, ಮಂಗಳವಾರ ಬಂದ ನಾಲ್ಕು ಹೊಸಬರಲ್ಲಿ ಒಬ್ಬ. ಮೂರು ವಾರ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ವಾರ ನಾನು ಸರ್ಕಾರದ ಖರ್ಚು ಕಡಿಮೆಯಾಗಬೇಕು ಅಂತ ಉದ್ದಕ್ಕೆ ಹೇಳುತ್ತಿದ್ದೆ. ಅವನು ಕೈ ಎತ್ತಿದ. ಬೆಳೆ ವಿಮೆಯ ಕಂತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರವೇ ಕಟ್ಟುತ್ತದೆ, ಅದನ್ನೂ ನಿಲ್ಲಿಸಬೇಕೋ, ನಿಲ್ಲಿಸಿದರೆ ನಮ್ಮಪ್ಪ ಬರಗಾಲದ ವರ್ಷ ಸಾಲ ಹೇಗೆ ತೀರಿಸಬೇಕು ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳಿ, ಒಂದು ವಾರ ಲೈಬ್ರರಿಯಲ್ಲಿ ಕೂತು ಓದಿಕೊಂಡು ಹೋದೆ. ಅವನು ಆಗಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ.